ಒಂಬತ್ತನೇ ಮಹಡಿಯ ರೊಟ್ಟಿ ಸಪ್ಪಳ

ಜುಲೈ 26, 2023. ಬುಧವಾರ. ಮಧ್ಯಾಹ್ನ, ಸಿದ್ದಾಪುರ

ಇವತ್ತೂ ಬಸ್ ತಪ್ಪಿತು. ಲಿಫ್ಟ್‌ನಿಂದಾಗಿ. ಒಂಬತ್ತನೇ ಮಹಡಿಯಲ್ಲಿ ಗುಂಡಿ ಒತ್ತಿ ನಿಂತರೆ ಅದು ಹನ್ನೊಂದಕ್ಕೆ ಹೋಗುತ್ತದೆ. ಯಾರದೋ ನಾಯಿಯನ್ನು ಹತ್ತಿಸಿಕೊಂಡು ಬರುತ್ತದೆ. ಮತ್ತೆ ಎಂಟರಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಸಿದ್ದಾಪುರದ ಬಸ್ ಸರ್ಕಲ್ ದಾಟಿರುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಗಡಿಯಾರ ನೋಡಿದರು, ಬಾಯಿ ಬಿಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಓಪಿಡಿ ಮುಗಿದಿದೆ. ನರ್ಸ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಯವರ ಅಂಗಡಿಗೆ ಬಂದ ಗೊಬ್ಬರ ಕಂಪನಿಯ ಡೈರಿ. ಪುಟದ ಕೆಳಗೆಲ್ಲ ಯಾವ ಬೆಳೆಗೆ ಏನು ಹಾಕಬೇಕು ಎಂದು ಅಚ್ಚಾಗಿದೆ. ಸಿಟ್ಟಿಗೆ ಏನು ಹಾಕಬೇಕು ಎಂದು ಎಲ್ಲೂ ಇಲ್ಲ.

ಸೋನಾ ಹೈಟ್ಸ್‌ಗೆ ಬಂದು ಐದು ತಿಂಗಳು. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ದುಡ್ಡಿನಲ್ಲಿ ಎದ್ದ ಕಟ್ಟಡ. ಈಜುಕೊಳ, ಕ್ಲಬ್ ಹೌಸ್, ತಾನೇ ತೆರೆಯುವ ಗಾಜಿನ ಬಾಗಿಲು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು. ಟೆರೇಸಿನಲ್ಲಿ ಮೆಣಸಿನಕಾಯಿ, ಶಾವಿಗೆ ಹರವಬಾರದು. ಮನೆಯವರಿಗೆ ಮುಂದೆ ಕನ್ನಡಿಯ ಲಿಫ್ಟ್, ಕೆಲಸದವರಿಗೆ ಹಿಂದೆ ಸರ್ವಿಸ್ ಲಿಫ್ಟ್. ಇದನ್ನೆಲ್ಲ ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕಿದವರು ಅಸೋಸಿಯೇಷನ್ ಸೆಕ್ರೆಟರಿ. ಅಂದರೆ ನಮ್ಮ ಯಜಮಾನರು.

ಈ ಫ್ಲ್ಯಾಟ್ ಕೊಂಡದ್ದು ಅತ್ತೆಯ ಮೊಣಕಾಲಿಗಾಗಿ. ಊರಿಗೆಲ್ಲ ಹಾಗೇ ಹೇಳಿದ್ದಾರೆ. "ಅವ್ವಗ ಮೆಟ್ಟಲ ಹತ್ತಾಕ ಆಗಂಗಿಲ್ರಿ, ಅದಕ್ಕ ಲಿಫ್ಟ್ ಇರೋ ಕಡೆ ಹೊಂಟೀವಿ." ಕೇಳಿದವರೆಲ್ಲ, ಮಗ ಅಂದರೆ ಇಂಥವನು ಎಂದರು. ನಾನೂ ಎಂದೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ನಲ್ಲಿ ತಿರುವಿದರೆ ಯಾವಾಗಲೂ ನೀರು.

ಹಳೆಯ ಮನೆಗೆ ಗಿರಾಕಿ ಸಿಕ್ಕಿದ್ದಾರೆ. ಅಮರಪ್ಪನ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ನನ್ನ ಸಂಬಳದ ಮೇಲೆ ಸಾಲ ತೆಗೆದು ಕೊಂಡದ್ದು, ನನ್ನ ಹೆಸರಿನಲ್ಲೇ ಇದೆ. ಈಗ ಅಧಿಕ ಮಾಸ, ನೋಂದಣಿ ಬೇಡ ಅಂತ ಅವರೇ ತಡೆದಿದ್ದಾರೆ. ಪಂಚಮಿ ಮುಗಿಸಿ, ಆಗಸ್ಟ್ 24ಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸು.

ಜುಲೈ 31, ಸೋಮವಾರ

ಗ್ರೂಪಿನಲ್ಲಿ ದೂರು. ನಮ್ಮ ಕೆಳಗಿನ ಎಂಟನೇ ಮಹಡಿಯವರದು. ದಿನಾ ನಸುಕಿನಲ್ಲಿ ಗೋಡೆಯೊಳಗಿಂದ ದಪ್ ದಪ್ ಸದ್ದು, ನಿದ್ದೆಯಿಲ್ಲ, ಪೈಪು ಒಡೆಯುವ ಮೊದಲು ರಿಪೇರಿ ಮಾಡಿಸಿ ಅಂತ. ಬರೆದವರು ಗೋವಿಂದರಾಜ. ಎರಡು ರೈಸ್ ಮಿಲ್ಲಿನ ಯಜಮಾನ, ಅಸೋಸಿಯೇಷನ್ ಅಧ್ಯಕ್ಷ. ಇವರ ಅಂಗಡಿಯ ದೊಡ್ಡ ಗಿರಾಕಿ.

ಓದಿ ನಕ್ಕುಬಿಟ್ಟೆ. ಅದು ಪೈಪಲ್ಲ, ನಮ್ಮ ಅತ್ತೆ. ನಸುಕಿಗೇ ಎದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ಅಡುಗೆ ಕಟ್ಟೆಯ ಎತ್ತರ ಆಕೆಗೆ ಹೊಂದುವುದಿಲ್ಲ. ನೆಲಕ್ಕೆ ರೊಟ್ಟಿ ಕಲ್ಲು ಇಟ್ಟು, ಕಾಲು ಚಾಚಿ ಕೂತು ಬಡಿಯುವುದು. ಬೇವೂರಿನ ಕೈ. ಎರೆಮಣ್ಣಿನ ಊರಿನವಳು. ನೀರಾವರಿ ಕಡೆಯ ಅನ್ನ ಆಕೆಗೆ ಹೊಟ್ಟೆ ತುಂಬಿಸುವುದಿಲ್ಲ.

"ಹೇಳಿಬಿಡ್ರಿ, ಅದು ರೊಟ್ಟಿ ಸಪ್ಪಳ ಅಂತ," ಎಂದೆ.

"ತಡಿ, ನಾ ಹೇಳ್ತೀನಿ," ಎಂದರು ಇವರು. ನಗಲಿಲ್ಲ.

ಅಮರಪ್ಪನ ಅಪಾರ್ಟ್‌ಮೆಂಟಿನಲ್ಲಿ ಈ ಸಪ್ಪಳಕ್ಕೇ ಎದ್ದು ಮಂದಿ ನೀರಿನ ಮೋಟರ್ ಹಾಕುತ್ತಿದ್ದರು. ಕೆಳಗಿನ ಕಂಡಕ್ಟರ್ ದ್ಯಾಮಣ್ಣ ಫಸ್ಟ್ ಬಸ್ಸಿನ ಡ್ಯೂಟಿಗೆ ಅಲಾರಾಂ ಇಟ್ಟವನಲ್ಲ. "ಅತ್ತಿ ಬಡದಳಂದ್ರ ನಾ ಎದ್ದೆ," ಅನ್ನುತ್ತಿದ್ದ. ಇಡೀ ಕಟ್ಟಡಕ್ಕೆ ಆಕೆ ಅತ್ತೆ.

ಆಗಸ್ಟ್ 4, ಶುಕ್ರವಾರ

ಇವರು ಹೇಳಿಲ್ಲ. ಸದ್ದು ಹಿಡಿಯಲು ನಸುಕಿಗೇ ಬಿಲ್ಡರ್ ಕಡೆಯ ಪ್ಲಂಬರ್ ಬಂದ. ಅಬ್ದುಲಸಾಬ ಅಂತ, ಪಾಪದ ಮನುಷ್ಯ. ನನಗೆ ಮಧ್ಯಾಹ್ನದ ಡ್ಯೂಟಿ, ಮನೆಯಲ್ಲೇ ಇದ್ದೆ. ಅಡುಗೆಮನೆಯ ಗೋಡೆಗೆ ಕಿವಿ ಹಚ್ಚಿ ನಿಂತ. ಬಂದವನನ್ನು ಹಾಗೇ ನಿಲ್ಲಿಸಲು ಅತ್ತೆಗೆ ಆಗುತ್ತದೆಯೇ. ಬಾಗಿಲ ಬೆಲ್ಲಿಗೇ ಬಡಿಯುವುದನ್ನು ಬಿಟ್ಟು ಎದ್ದಿದ್ದವಳು, ಅವನಿಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿ ಕೊಟ್ಟಳು. ಅವನು ರೊಟ್ಟಿ ತಿನ್ನುತ್ತ ಕೆಳಗೆ ಫೋನ್ ಮಾಡಿದ: "ಈಗ ಸಪ್ಪಳ ಬಂದ್ ಆಗೇತ್ರಿ." ತಿಂದು, ಕೈ ತೊಳೆದು ಕೆಳಗಿಳಿದ. ಆಕೆ ಮತ್ತೆ ಬಡಿಯತೊಡಗಿದಳು. ಅವನು ಮತ್ತೆ ಮೇಲೆ ಓಡಿ ಬಂದ. ಆಕೆ ಮತ್ತೆ ಎದ್ದು ಮಜ್ಜಿಗೆ ಕೊಟ್ಟಳು.

ಕೊನೆಗೆ ನಾನೇ ಬಾಯಿ ತೆರೆದೆ. ಇವರು ಬಾಗಿಲ ಮರೆಯಿಂದ ಬೇಡ ಎಂದು ಕಣ್ಣು ಮಾಡಿದರು. ಗಂಡನ ಕಣ್ಣಿಗೆ ಹೆದರಿ ಸುಮ್ಮನಾದೆ. ಐವತ್ತೆರಡು ವರ್ಷದ ಹೆಂಗಸು ನಾನು.

ಅಷ್ಟರಲ್ಲಿ ಎಂಟನೇ ಮಹಡಿಯ ಬಚ್ಚಲಲ್ಲಿ ಟೈಲ್ಸ್ ಒಡೆದು ಹಾಕಿದ್ದರು. ಇಟಲಿಯ ಟೈಲ್ಸ್ ಅಂತೆ. ಒಳಗೆ ಪೈಪು ಗಟ್ಟಿಮುಟ್ಟಾಗಿ ಕೂತಿತ್ತಂತೆ.

ಆಗಸ್ಟ್ 6, ಭಾನುವಾರ

ಕ್ಲಬ್ ಹೌಸಿನಲ್ಲಿ ಮೀಟಿಂಗ್ ಇತ್ತು. ನಾನು ಹೋಗಲಿಲ್ಲ, ಬಟ್ಟೆ ಒಗೆಯುವುದಿತ್ತು. ಇವರು ಸೀಟಿ ಹಾಕುತ್ತ ಮೇಲೆ ಬಂದರು.

"ಬಗೀಹರೀತು. ರೊಟ್ಟಿ ಸಪ್ಪಳ ಅಂತ ಹೇಳಿದೆ. ಎಂಟರ ನಂತರ ಬಡೀರಿ ಅಂದ್ರು. ಟೈಲ್ಸಿನ ಖರ್ಚು ಅಸೋಸಿಯೇಷನ್ ಕೊಡತೈತಿ."

"ಅತ್ತಿ ಬಡೀತಾರ ಅಂತ ಹೇಳಿದ್ರಿ?"

"ಹೇಳಿದೆ ಬಿಡು. ಏನೋ ಒಂದು ಹೇಳಿದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರು ಬದುಕಿದ್ದೇ ಹಾಗೆ. ಗೊಬ್ಬರದ ಅಂಗಡಿ ಬೆಳೆದದ್ದೂ ಹಾಗೆ. ನಾನು ಬಿಟ್ಟುಬಿಟ್ಟೆ.

ಜೊತೆಗೆ ರೊಟ್ಟಿ ಒತ್ತುವ ಮಷಿನ್ ತಂದಿದ್ದಾರೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಫ್ರಿಜ್ಜಿನ ಮೇಲಿಟ್ಟಳು. ತನ್ನ ಕಲ್ಲಿನ ಕೆಳಗೆ ಹಳೆಯ ಕೌದಿ ಮಡಚಿ ಹಾಸಿಕೊಂಡಿದ್ದಾಳೆ. ನಾಳೆಯಿಂದ ನಸುಕಿಗೇ ಎದ್ದು, ಹಿಟ್ಟು ಮುಂದಿಟ್ಟುಕೊಂಡು ಎಂಟಾಗುವವರೆಗೆ ಕಾಯುತ್ತಾಳಂತೆ. ನನ್ನ ಬಸ್ಸಿನ ಹೊತ್ತಿಗೆ ರೊಟ್ಟಿ ಆಗುವುದಿಲ್ಲ, ಇನ್ನು ಡಬ್ಬಿಯಲ್ಲಿ ಅನ್ನವೇ ಒಯ್ಯಬೇಕು.

ಆಗಸ್ಟ್ 14, ಸೋಮವಾರ

ಆಸ್ಪತ್ರೆಯಲ್ಲಿ ಜ್ವರದ ಮಂದಿ. ಗದ್ದೆ ನಾಟಿ, ಸೊಳ್ಳೆ, ಡೆಂಗಿ. ಬರೆಯಲು ಪುರುಸೊತ್ತಿಲ್ಲ.

ಸಂಜೆ ಬರುವಾಗ ನೋಡಿದೆ, ಅತ್ತೆ ಹೂವು ತರಲು ಹೊರಟವಳು ಹಿಂದಿನ ಸರ್ವಿಸ್ ಲಿಫ್ಟ್‌ನಿಂದ ಹೊರಗೆ ಬಂದಳು. ಕಸದ ಡಬ್ಬಿಗಳ ಪಕ್ಕದಿಂದ.

"ಈ ಕಡೆಯಿಂದ ಯಾಕ ಬಂದ್ರಿ ಅತ್ತಿ?"

"ಮುಂದಿಂದು ತಡ ಆಗತೈತಿ. ಇದರಾಗ ಮಂದಿ ಮಾತಾಡ್ತಾರವ್ವಾ. ಅದರಾಗ ಎಲ್ಲಾರೂ ಕನ್ನಡಿ ನೋಡ್ಕೋತ ನಿಂತಿರ್ತಾರ."

ಲಿಫ್ಟ್ ತಡವಾಗುವುದು ನನಗೂ ಗೊತ್ತು. ನಂಬಿದೆ.

ಆಗಸ್ಟ್ 19, ಶನಿವಾರ. ಸಂಜೆ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಇವತ್ತು ರೊಟ್ಟಿ ಪಂಚಮಿ. ನಾಳೆ ಚೌತಿ, ನಾಡಿದ್ದು ನಾಗಪ್ಪನಿಗೆ ಹಾಲು. ಈ ದಿನ ಮನೆಮನೆಗೆ ರೊಟ್ಟಿ ಕೊಡಬೇಕು, ಅವರು ಕೊಟ್ಟದ್ದನ್ನು ತರಬೇಕು. ಜಾತಿ ಗೀತಿ ಕೇಳುವಂತಿಲ್ಲ, ಜಗಳ ಆಡಿದವರ ಮನೆಯನ್ನೂ ಬಿಡುವಂತಿಲ್ಲ. ಅತ್ತೆ ವಾರದಿಂದ ತಯಾರಿ ಮಾಡಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಪ್ಪಳದಂಥ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣಗಾಯಿ ಪಲ್ಯ. ಎಲ್ಲವನ್ನೂ ಎಂಟರ ನಂತರ, ಕೌದಿಯ ಮೇಲೆ, ಸದ್ದು ನುಂಗಿಕೊಂಡು ಮಾಡಿದ್ದು. ಇಳಕಲ್ ಸೀರೆ ಉಟ್ಟಳು. ಬುಟ್ಟಿಗೆ ಬಿಳಿ ಅರಿವೆ ಮುಚ್ಚಿದಳು.

"ಮೊದಲ ಕೆಳಗಿನ ಮನಿಗೆ ಹೋಗೂಣು. ಆ ಮಂದಿ ನಿದ್ದಿ ಕೆಡಿಸೀನಿ ನಾ."

ಎಂಟನೇ ಮಹಡಿ. ಗೋವಿಂದರಾಜರ ಹೆಂಡತಿ ಅಮೃತಾ ಬಾಗಿಲು ತೆರೆದಳು. ಒಳ್ಳೆಯ ಹೆಂಗಸು, ಅದನ್ನೂ ಬರೆಯಬೇಕು. ನಗುತ್ತ ರೊಟ್ಟಿ ತೆಗೆದುಕೊಂಡಳು, ಚೂರು ಮುರಿದು ಅಲ್ಲೇ ಬಾಯಿಗಿಟ್ಟಳು.

"ಎಷ್ಟು ಛಲೋ ಆಗೇತ್ರಿ ಅಕ್ಕಾರ. ನಿಮ್ಮ ಅಡುಗಿ ಅಜ್ಜಿ ಕೈ ಭಾಳ ಛಲೋ ಐತಿ. ಸರ್ ಮೀಟಿಂಗಿನಾಗ ಹೇಳಿದ್ರು, ಊರಿಂದ ಅಡುಗಿಗೆ ಕರ್ಕೊಂಡು ಬಂದೀವಿ, ಹಳೇ ರೂಢಿ, ಹೇಳಿದ್ರ ಕೇಳಂಗಿಲ್ಲ ಅಂತ. ನಮಗೂ ವಾರಕ್ಕೊಮ್ಮೆ ಬಡದು ಕೊಡ್ತಾರೇನು ಕೇಳ್ರಿ. ಏನ್ ಕೊಡಬೇಕೋ ಕೊಡ್ತೀವಿ."

ನನ್ನ ಪಕ್ಕದಲ್ಲೇ ನಿಂತಿದ್ದಾಳೆ ಅತ್ತೆ. ಬುಟ್ಟಿ ಹಿಡಿದುಕೊಂಡು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: "ಬಡದು ಕಳಸ್ತೀನ್ರಿ ಅಮ್ಮಾರ. ರೊಕ್ಕ ಬ್ಯಾಡ್ರಿ."

ಅಮ್ಮಾರ. ಮಗಳ ವಯಸ್ಸಿನವಳಿಗೆ.

ಬಾಗಿಲು ಮುಚ್ಚಿತು. ಆಕೆ ತಿರುಗಿ ಹಿಂದಿನ ಲಿಫ್ಟಿನ ಕಡೆ ನಡೆದಳು, ರೂಢಿಯಾದ ಹಾಗೆ. ಆಗ ಎಲ್ಲ ತಿಳಿಯಿತು. ಕೇಳಿದೆ. ಮೀಟಿಂಗಾದ ಮರುದಿನವೇ ವಾಚ್‌ಮನ್ ಮಲಿಕಸಾಬ ಹೇಳಿದ್ದನಂತೆ, "ಅಜ್ಜೀ, ಅಡುಗಿಯವರು ಹಿಂದಿನ ಲಿಫ್ಟಿನಾಗ ಬರಬೇಕಂತ." ಅವನದೇನು ತಪ್ಪು. ಸೆಕ್ರೆಟರಿ ಮಾತು ಕೇಳಿದ.

ಯಾರ ಮೊಣಕಾಲಿಗಾಗಿ ಲಿಫ್ಟ್ ಇರುವ ಮನೆ ಕೊಂಡರೋ ಆಕೆ ಕಸದ ಡಬ್ಬಿಯ ಜೊತೆ ಹತ್ತಿ ಇಳಿಯುತ್ತಿದ್ದಾಳೆ.

"ನಿಮಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

"ಅಡುಗಿ ಮಾಡಾಕಿ ಅಡುಗಿಯಾಕಿ ಅಲ್ಲೇನು? ಅಂವ ಏನ್ ಸುಳ್ಳ ಹೇಳ್ಯಾನ. ದೊಡ್ಡ ಮಂದಿ ನಡುವ ಬಾಯಿ ತಪ್ಪಿರತೈತಿ. ಅಂವನ್ನ ಏನೂ ಅನಬ್ಯಾಡ."

ಹೆತ್ತವರಿಗೆ ಹೆಗ್ಗಣ ಮುದ್ದು. ಮಗನಿಗಿಂತ ಆಕೆಯ ಮೇಲೆ ಹೆಚ್ಚು ಸಿಟ್ಟು ಬಂತು. ಉಳಿದ ಬಾಗಿಲುಗಳಿಗೆ ಹೋಗಲಿಲ್ಲ. ಬುಟ್ಟಿ ಹಾಗೇ ವಾಪಸ್ ಬಂತು. ಅಡುಗೆಮನೆಯ ಮೂಲೆಯಲ್ಲಿದೆ, ಅರಿವೆ ಮುಚ್ಚಿಕೊಂಡು.

ಅದೇ ದಿನ. ಊಟ ಬಿಟ್ಟು

ಬಂದ. ಕೇಳಿದೆ. ಇನ್ನು ಈ ಡೈರಿಯಲ್ಲಿ ಇವರು, ಯಜಮಾನರು ಇಲ್ಲ. ಹೆಸರು ಉಮಾಪತಿ. ಹೆಸರೇ ಬರೆಯುತ್ತೇನೆ.

ಮೊದಲು, ಯಾರು ಹೇಳಿದರು ಎಂದ. ಆಮೇಲೆ ಟಿವಿ ಸಣ್ಣ ಮಾಡಿದ.

"ಎಲ್ಲಾರ ಮುಂದ ಕೇಳಿದ್ರು, ಯಾರು ಬಡಿಯೋದು ಅಂತ. ಟೈಲ್ಸ್ ಒಡದಿತ್ತು. ಎಲ್ಲಾರೂ ನಗಾಕ ಹತ್ತಿದ್ರು. ಆ ಹೊತ್ತಿಗೆ ಬಾಯಿಗೆ ಬಂತು."

"ಬಾಯಿಗೆ 'ನಮ್ಮವ್ವ' ಅಂತ ಬರಲಿಲ್ಲ?"

"ನಿನಗ ತಿಳಿಯಂಗಿಲ್ಲ. ಅಲ್ಲಿ ಕುಂತವರ ಅವ್ವಂದಿರು ಹೆಂಗ ಅದಾರ ನೋಡಿಯೇನು? ಇಂಗ್ಲಿಷ್ ಮಾತಾಡ್ತಾರ, ವಾಕಿಂಗ್ ಹೋಗ್ತಾರ. ನಮ್ಮವ್ವ ಕಾಲಾಗ ಚಪ್ಪಲಿಲ್ದ ಕಾರಿಡಾರಿನಾಗ ಅಡ್ಡಾಡ್ತಾಳ."

ಆ ಬರಿಗಾಲಲ್ಲೇ ಆಕೆ ಬೇವೂರಿನಿಂದ ಬುತ್ತಿ ಹೊತ್ತು ನಡೆದು ಯಲಬುರ್ಗಾದ ಹಾಸ್ಟೆಲ್ಲಿಗೆ ಮುಟ್ಟಿಸುತ್ತಿದ್ದಳು. ಹಾಸ್ಟೆಲ್ ಅನ್ನ ಮಗನಿಗೆ ಸೇರುವುದಿಲ್ಲ ಅಂತ. ಆ ರೊಟ್ಟಿ ತಿಂದು ಓದಿದವನು. ಅದನ್ನೇ ಹೇಳಿದೆ. ಮುಖ ಆ ಕಡೆ ಮಾಡಿದ.

"ಗ್ರೂಪಿನಾಗ ಬರೀರಿ. ಆಕಿ ನಮ್ಮ ತಾಯಿ, ನಾ ತಪ್ಪು ಹೇಳಿದೆ ಅಂತ. ಎರಡ ಸಾಲು."

"ಬರೀತೀನಿ. ಇಪ್ಪತ್ನಾಕು ಮುಗೀಲಿ. ಸ್ವಲ್ಪ ತಣ್ಣಗಾಗ್ಲಿ."

"ಹಂಗಾದ್ರ ನನ್ನ ಸಹಿನೂ ಆಮ್ಯಾಲೇ. ತಣ್ಣಗಾದ ಮ್ಯಾಲ."

ಬಾಗಿಲ ಹತ್ತಿರ ಅತ್ತೆ ನಿಂತಿದ್ದಳು. ಎಷ್ಟು ಕೇಳಿದಳೋ. "ಉಂಡ್ಯೇನಪಾ?" ಎಂದಳು ಮಗನಿಗೆ.

ಆಗಸ್ಟ್ 21, ಸೋಮವಾರ. ಪಂಚಮಿ

ಸೋನಾ ಹೈಟ್ಸಿನಲ್ಲಿ ಹುತ್ತ ಎಲ್ಲಿಂದ ಬರಬೇಕು. ಅತ್ತೆಯನ್ನು ಆಟೋದಲ್ಲಿ ಅಮರಪ್ಪನ ಅಪಾರ್ಟ್‌ಮೆಂಟಿಗೆ ಕರೆತಂದೆ. ಹಿತ್ತಲ ಬೇವಿನ ಮರದ ಕೆಳಗೆ ನಾಗರಕಲ್ಲಿದೆ. ಹಾಲೆರೆದೆವು. ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಅತ್ತೆಯನ್ನು ಎಳೆದು ಕೂಡಿಸಿದರು. ಮೊಣಕಾಲು, ಬೇಡ ಬೇಡ ಅನ್ನುತ್ತಲೇ ಎರಡು ಸಲ ಜೀಕಿದಳು. ಈ ಐದು ತಿಂಗಳಲ್ಲಿ ಆಕೆಯ ಹಲ್ಲು ಕಂಡದ್ದು ಇವತ್ತೇ.

ಎರಡನೇ ಮಹಡಿಯ ಮಾಳವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಬ್ಲೌಸ್ ಹೊಲಿಯುವವಳು. ಕತ್ತರಿಗಿಂತ ಬಾಯಿ ಚುರುಕು. "ಅತ್ತೀ, ಈ ಸಲ ನಮ್ಮ ಮನಿಗೆ ರೊಟ್ಟಿ ಬರಲಿಲ್ಲ. ದೊಡ್ಡ ಬಿಲ್ಡಿಂಗಿಗೆ ಹೋದ ಮ್ಯಾಲ ಮರತ್ರಿ."

"ಅಲ್ಲಿ ಮನಿ ಭಾಳ ಅದಾವವ್ವಾ. ಹಂಚಾಕ ಸಾಲಲಿಲ್ಲ," ಎಂದಳು ಅತ್ತೆ.

ತುಂಬಿದ ಬುಟ್ಟಿ ಅಲ್ಲಿ ಮೂಲೆಯಲ್ಲಿ ಕೂತಿದೆ. ಮಗನಿಗಾಗಿ ಈ ಮುದುಕಿ ಇನ್ನೂ ಎಷ್ಟು ಸುಳ್ಳು ಹೇಳಬೇಕೋ.

ಮೇಲೆ ಹೋಗಿ ಬೀಗ ತೆಗೆದೆ. ಅಮರಪ್ಪನ ಅಪಾರ್ಟ್‌ಮೆಂಟ್ ಸ್ವರ್ಗವೇನಲ್ಲ. ಗೋಡೆಗೆ ತೇವ ಹಿಡಿದಿದೆ. ನೀರು ದಿನ ಬಿಟ್ಟು ದಿನ, ಅದಕ್ಕೂ ಜಗಳ. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ, ಯಾರದೋ ಸೈಕಲ್. ದ್ಯಾಮಣ್ಣನ ಟಿವಿ ಮೂರೂ ಮಹಡಿಗೆ ಕೇಳುತ್ತದೆ. ಹದಿನಾಲ್ಕು ವರ್ಷ ಇದನ್ನೆಲ್ಲ ಬೈದುಕೊಂಡೇ ಇದ್ದೆ. ಅಡುಗೆಮನೆಯ ನೆಲದಲ್ಲಿ ಅತ್ತೆಯ ರೊಟ್ಟಿ ಕಲ್ಲು ಕೂತ ಜಾಗ ಸವೆದು ತಗ್ಗಾಗಿದೆ. ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಅತ್ತರೆ ಸಿಟ್ಟು ಇಳಿಯುತ್ತದೆ ಎಂದು ಅಳಲಿಲ್ಲ.

ಆಗಸ್ಟ್ 23, ಬುಧವಾರ. ಸಂಜೆ

ಬರೆದಿಲ್ಲ. ಗ್ರೂಪಿನಲ್ಲಿ ಎರಡು ಸಾಲು ಬರೆದಿಲ್ಲ. ಚಂದ್ರಯಾನ ಇಳಿಯುವುದನ್ನು ಕ್ಲಬ್ ಹೌಸಿನ ದೊಡ್ಡ ಪರದೆಯಲ್ಲಿ ತೋರಿಸುತ್ತೇವೆ, ಎಲ್ಲರೂ ಬನ್ನಿ ಎಂದು ಮಾತ್ರ ಬರೆದಿದ್ದ, ಬಾವುಟದ ಚಿತ್ರ ಹಾಕಿ.

ಬಸ್ ಇಳಿದು ಮನೆಗೆ ಬಂದೆ. ಬೀಗ ಇತ್ತು, ಅತ್ತೆ ಇರಲಿಲ್ಲ, ಕ್ಲಬ್ ಹೌಸಿಗೆ ಹೋದೆ. ಗಾಜಿನ ಬಾಗಿಲು ತಾನೇ ತೆರೆಯಿತು. ಆಗಷ್ಟೇ ಇಳಿದಿತ್ತು. ಎಲ್ಲ ಎದ್ದು ನಿಂತು ಚಪ್ಪಾಳೆ. ಮಕ್ಕಳ ಕೈಯಲ್ಲಿ ಬಾವುಟ. ನನಗೂ ಕಣ್ಣು ತುಂಬಿತು, ಸುಳ್ಳೇಕೆ.

ಆಮೇಲೆ ನೋಡಿದೆ. ಪೇಢೆಯ ತಟ್ಟೆ ಹಿಡಿದು ಹಂಚುತ್ತಿದ್ದವಳು ನಮ್ಮ ಅತ್ತೆ. ಮನೆಗೆಲಸದ ಹೆಣ್ಣುಮಕ್ಕಳ ಜೊತೆ ಆಕೆಯನ್ನೂ ಕರೆದಿದ್ದರು. ಅಡುಗೆ ಅಜ್ಜಿ ಅಲ್ಲವೇ. ತಲೆಯ ಮೇಲೆ ಸೆರಗು, ಬರಿಗಾಲು. ಒಬ್ಬೊಬ್ಬರ ಮುಂದೆ ನಿಂತು, ತಗೋರಿ, ತಗೋರಿ ಅನ್ನುತ್ತಿದ್ದಾಳೆ.

ಉಮಾಪತಿ ಗೋವಿಂದರಾಜರ ಪಕ್ಕ ನಿಂತಿದ್ದ. ಆಕೆ ಅವರ ಮುಂದೆ ಬಂದಳು. ಗೋವಿಂದರಾಜರು ಒಂದು ತೆಗೆದುಕೊಂಡು, "ತಗೋಳ್ರಿ ಸೆಕ್ರೆಟ್ರಿ," ಎಂದರು. ಉಮಾಪತಿ ಕೈ ಚಾಚಿದ. ಪರದೆ ನೋಡುತ್ತಲೇ. ತಾಯಿಯ ಮುಖ ನೋಡಲಿಲ್ಲ.

ಎಲ್ಲರಿಗೂ ಒಂದೊಂದು ಕೊಟ್ಟಿದ್ದಳು. ಅವನ ಅಂಗೈಯಲ್ಲಿ ಎರಡು ಇಟ್ಟಳು. ಸಣ್ಣವನಿದ್ದಾಗಿನಿಂದ ಅವನಿಗೆ ಪೇಢೆ ಅಂದರೆ ಜೀವ.

ಎರಡನ್ನೂ ತಿಂದ.

ಹೋಗಿ ತಟ್ಟೆ ಹಿಡಿದೆ. ಅಷ್ಟೂ ಮಂದಿಯ ಮುಂದೆ ಹೇಳಿಬಿಡುತ್ತಿದ್ದೆ. ಅತ್ತೆ ನನ್ನ ಮುಂಗೈ ಹಿಡಿದಳು. ರೊಟ್ಟಿ ಬಡಿದ ಕೈ, ಬಿಡಿಸಿಕೊಳ್ಳಲು ಆಗಲಿಲ್ಲ.

"ಮಂದಿ ಮುಂದ ಬ್ಯಾಡ ಶಿವಲಿಂಗವ್ವಾ. ಅಂವನ ಮಾನ ಹೋಗತೈತಿ."

"ನಿಮ್ಮ ಮಾನ?"

"ನಂದೇನೈತಿ."

ಅಷ್ಟೇ. ಆಮೇಲೆ ಕೊನೆಯ ಸಾಲಿನವರಿಗೂ ಪೇಢೆ ಕೊಟ್ಟೇ ಮೇಲೆ ಬಂದಳು. ಹಿಂದಿನ ಲಿಫ್ಟಿನಲ್ಲಿ. ನಾನೂ ಆಕೆಯ ಜೊತೆ ಅದರಲ್ಲೇ ಬಂದೆ. ಮಾತಾಡುವ ಮಂದಿ ಯಾರೂ ಇರಲಿಲ್ಲ ಇವತ್ತು.

ಉಮಾಪತಿ ಕಾಗದಪತ್ರ ಜೋಡಿಸಿ ಟೇಬಲ್ಲಿನ ಮೇಲಿಟ್ಟಿದ್ದಾನೆ. "ನಾಳೆ ಹನ್ನೊಂದಕ್ಕ ಆಫೀಸಿನಾಗ ಇರಬೇಕು. ಆಧಾರ್ ತಗೋ," ಎಂದ. ಚಂದ್ರ ಮುಟ್ಟಿದ್ದು ಇವನೇ ಅನ್ನುವ ಹಾಗೆ ಮುಖ. ಹ್ಞೂಂ ಎಂದೆ.

ಆಗಸ್ಟ್ 24, ಗುರುವಾರ. ಬೆಳಗ್ಗೆ 9-15. ಅಮರಪ್ಪನ ಅಪಾರ್ಟ್‌ಮೆಂಟ್

ಉಮಾಪತಿ ಅಂಗಡಿ ತೆರೆಯಲು ಹೋದ. ನೋಂದಣಿ ಆಫೀಸಿಗೆ ನೇರ ಬರುತ್ತೇನೆ ಎಂದೆ. ಅತ್ತೆಗೆ, ಹಳೆಯ ಮನೆಯಲ್ಲಿ ಸಾಮಾನು ಉಳಿದಿದೆ ಎಂದೆ. ಆಕೆಗೆ ನಾನು ಹೇಳಿದ ಮೊದಲ ಸುಳ್ಳು. ರೊಟ್ಟಿ ಕಲ್ಲು ನಾನು ಎತ್ತಿಕೊಂಡೆ, ಹೆಂಚು ಇಟ್ಟ ಪಂಚಮಿಯ ಬುಟ್ಟಿ ಆಕೆಯ ಕೈಗೆ ಕೊಟ್ಟೆ. ಕಲ್ಲು ಯಾಕೆ ಅಂತ ಆಕೆ ಕೇಳಲಿಲ್ಲ.

ಮುಂದಿನ ಲಿಫ್ಟಿನಲ್ಲಿ ಇಳಿದೆವು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಅತ್ತೆ ಸೆರಗು ಸರಿ ಮಾಡಿಕೊಂಡಳು. ಎಂಟರಲ್ಲಿ ನಿಂತಿತು. ಅಮೃತಾ ಒಳಗೆ ಬಂದಳು. ಕಲ್ಲು ನೋಡಿದಳು, ಬುಟ್ಟಿ ನೋಡಿದಳು.

"ಇವರು ನಮ್ಮ ಅತ್ತೀರಿ," ಎಂದೆ. "ನಮ್ಮ ಮನಿಯವರ ಹೆತ್ತ ತಾಯಿ. ಮುದಕಮ್ಮ ಅಂತ."

ಅತ್ತೆ ನನ್ನ ಕೈ ಹಿಡಿಯಲು ನೋಡಿದಳು. ನನ್ನ ಎರಡೂ ಕೈಯಲ್ಲಿ ಕಲ್ಲಿತ್ತು, ಹಿಡಿಯಲು ಆಗಲಿಲ್ಲ.

ಕೆಳಗೆ ಬಾಗಿಲು ತೆರೆದಾಗ ಅಮೃತಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಮುಖ ಕೆಂಪಾಗಿತ್ತು. ಹೇಳಿದೆನಲ್ಲ, ಒಳ್ಳೆಯ ಹೆಂಗಸು. ಗಾಜಿನ ಬಾಗಿಲಲ್ಲಿ ಮಲಿಕಸಾಬ ಎದ್ದು ನಿಂತ, ಕಲ್ಲು ಇಸಿದುಕೊಂಡು ಆಟೋದಲ್ಲಿಟ್ಟ.

ಮೂರು ಮಹಡಿ ಮೆಟ್ಟಿಲು. ಅತ್ತೆ ಪ್ರತಿ ತಿರುವಿನಲ್ಲಿ ಕೂತು ಕೂತು ಹತ್ತಿದಳು. ನೋವು ಆಕೆಯ ಮುಖದಲ್ಲಿ ಕಾಣುತ್ತಿತ್ತು. ಅದೂ ನಿಜ, ಅದನ್ನೂ ಮುಚ್ಚಿಡುವುದಿಲ್ಲ. ದ್ಯಾಮಣ್ಣನ ಹೆಂಡತಿ ಕುರ್ಚಿ ತಂದಳು. ಮಾಳವ್ವ ನೀರು ಕೊಟ್ಟಳು, ತನ್ನ ಸಣ್ಣ ಸಿಲಿಂಡರ್, ಒಲೆ, ಜೋಳದ ಹಿಟ್ಟು ತಂದಿಟ್ಟಳು. ಬುಟ್ಟಿಯ ಖಡಕ್ ರೊಟ್ಟಿ ಮನೆಮನೆಗೆ ಹೋಯಿತು. ಹಬ್ಬ ಮುಗಿದ ಮೇಲೆ ಬಂದ ರೊಟ್ಟಿ. ಎಲ್ಲರೂ ಎರಡೂ ಕೈಯಿಂದ ಇಸಿದುಕೊಂಡರು.

ಮಾಳವ್ವನಿಗೆ ಎಲ್ಲ ಹೇಳಿದೆ. ಒಂದೂ ಬಿಡದೆ. ಅರ್ಧ ಹೊಲಿದ ಬ್ಲೌಸ್ ಕೈಯಲ್ಲಿ ಹಿಡಿದು ಕೇಳಿದಳು. ಕೊನೆಗೆ, "ಬರಲಿ ಇಲ್ಲಿಗೆ," ಎಂದಳು.

10-40

ಫೋನ್ ಬಡಿದುಕೊಳ್ಳುತ್ತಲೇ ಇದೆ. ಗಿರಾಕಿಗಳು ಆಫೀಸಿಗೆ ಬಂದಿದ್ದಾರಂತೆ. ಒಂದೇ ಸಲ ಎತ್ತಿದೆ.

"ಎಲ್ಲಿ ಅದೀ?"

"ಮನ್ಯಾಗ."

"ಮನ್ಯಾಗ ಇಲ್ಲ, ನೋಡಿ ಬಂದೆ."

"ನನ್ನ ಮನ್ಯಾಗ."

ಇಟ್ಟುಬಿಟ್ಟೆ.

ಅತ್ತೆ ಹಿಟ್ಟು ನಾದಿ ಕೂತಿದ್ದಾಳೆ. ಕಲ್ಲು ತನ್ನ ತಗ್ಗಿನಲ್ಲಿ ಕೂತಿದೆ, ಕೌದಿ ಇಲ್ಲದೆ. ಬಡಿಯತೊಡಗಿದಳು. ದಪ್ ದಪ್. ಮೆಟ್ಟಿಲ ಉದ್ದಕ್ಕೂ ಕೇಳುತ್ತಿದೆ. ಕೆಳಗೆ ಯಾರೋ ನಕ್ಕರು.

"ಅಂವ ಬಂದ್ರ ಬೈಬ್ಯಾಡವಾ," ಅನ್ನುತ್ತಿದ್ದಾಳೆ. "ಬಿಸಿ ರೊಟ್ಟಿ ಕೊಡು ಮೊದಲ."

ನಾನು ಬೈಯುವುದಿಲ್ಲ. ಸಹಿಯನ್ನೂ ಮಾಡುವುದಿಲ್ಲ. ಈ ಮನೆ ಮಾರಿದರೆ ಆಕೆಗೆ ತಾಯಿಯಾಗಿ ಇರಲು ಊರಲ್ಲಿ ಬೇರೆ ಜಾಗವಿಲ್ಲ.

ಕಾರಿನ ಸದ್ದು. ಅವನೇ. ಹತ್ತುತ್ತಿದ್ದಾನೆ. ಹೊಸ ಬೂಟು, ಗೊತ್ತಾಗುತ್ತದೆ. ಮೊದಲ ತಿರುವಿನಲ್ಲೇ ನಿಂತ. ಐದು ತಿಂಗಳ ಲಿಫ್ಟಿಗೆ ಉಸಿರು ಸೋತಿದೆ. ಮತ್ತೆ ಹತ್ತಿದ.

ಎರಡನೇ ಮಹಡಿ. ಮಾಳವ್ವ ಬಾಗಿಲಲ್ಲೇ ಇದ್ದಾಳೆ.

"ಯಾರು ಬೇಕಾಗಿತ್ರಿ?"

"ಏನ್ ಮಾಳವ್ವ, ನಾ ಉಮಾಪತಿ."

"ಅದು ಗೊತ್ತೈತ್ರಿ. ಮ್ಯಾಲ ರೊಟ್ಟಿ ಬಡಿಯಾಕಿ ನಿಮಗ ಏನಾಗಬೇಕ್ರಿ?"

ಅತ್ತೆಯ ಕೈ ನಿಂತಿತು. ಹಿಟ್ಟಿನ ಕೈ ಹಾಗೇ ಎತ್ತಿಕೊಂಡು ಬಾಗಿಲ ಕಡೆ ನೋಡುತ್ತಿದ್ದಾಳೆ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ತಿರುವುತ್ತಿಲ್ಲ. ಕೆಳಗೆ ದ್ಯಾಮಣ್ಣನ ಟಿವಿ ಬಂದ್ ಆಯಿತು. ಕಟ್ಟಡವೆಲ್ಲ ಕೇಳುತ್ತಿದೆ.

ಏನೋ ಅಂದ. ಇಲ್ಲಿಗೆ ಕೇಳಿಸಲಿಲ್ಲ.

"ಕೇಳಸಲಿಲ್ರಿ. ಜೋರಾಗಿ ಹೇಳ್ರಿ, ಮ್ಯಾಲಿನವರಿಗೂ ಕೇಳ್ಲಿ," ಅನ್ನುತ್ತಿದ್ದಾಳೆ ಮಾಳವ್ವ.

ಮತ್ತೆ ಬಾಯಿ ತೆರೆದ. ಈ ಸಲ —